ಸದ್ದಕ್ಕ ಬಂದರೆ ಮನೆ ಸುಮ್ಮನಾಗುತ್ತದೆ

ಬೆಳಗಿನ ಐದಕ್ಕೆ ಇನ್ನೂ ಎರಡು ನಿಮಿಷ ಬಾಕಿ. ಮೂರು ಅಂತಸ್ತಿನ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿಗೂ ಬಟ್ಟೆ ಒಣಹಾಕುವ ಹಗ್ಗಕ್ಕೂ ನಡುವೆ, ಹೆಂಗಸೊಬ್ಬರು ಮಡಚುವ ಸ್ಟೂಲಿನ ಮೇಲೆ ಕೂತಿದ್ದಾರೆ. ಚಪ್ಪಲಿಯನ್ನು ಕೊನೆಯ ಮೆಟ್ಟಿಲಲ್ಲೇ ಬಿಟ್ಟು ಬರಿಗಾಲಲ್ಲಿ ಬಂದಿದ್ದಾರೆ. ಕೈಗಡಿಯಾರ ಕಟ್ಟಿಲ್ಲ, ಅದು ಟಿಕ್ ಟಿಕ್ ಎನ್ನುತ್ತದೆ. ಮೈಮೇಲಿರುವುದು ಒಗೆದೊಗೆದು ಮೆತ್ತಗಾದ ಹತ್ತಿ ಬಟ್ಟೆ; ಗಂಜಿ ಹಾಕಿದ್ದಾದರೆ ಅಲುಗಾಡಿದಾಗಲೆಲ್ಲ ಸರಪರ ಎಂದೀತು. ಪಕ್ಕದಲ್ಲಿ ಆಳೆತ್ತರದ ಕಬ್ಬಿಣದ ಕಂಬ, ಅದರ ತುದಿಯಲ್ಲಿ ಕಪ್ಪು ಸ್ಪಂಜಿನ ಚೆಂಡು. ಚೆಂಡಿನೊಳಗೆ ಮೈಕು, ಕಂಬದ ಬುಡದಲ್ಲಿ ಬೀಗ ಹಾಕಿದ ಡಬ್ಬಿ, ತೊಡೆಯ ಮೇಲೆ ಗೆರೆ ಎಳೆದ ನೋಟ್‌ಬುಕ್ಕು.

ಐದು ಹತ್ತಕ್ಕೆ ಮೊದಲ ವಿಮಾನ ಬರುತ್ತದೆ. ಮೊದಲು ಕೆಳಮನೆಯ ಕಿಟಕಿಯ ಗಾಜು ಸಣ್ಣಗೆ ನಡುಗುತ್ತದೆ, ಆಮೇಲೆ ಹಗ್ಗದ ಮೇಲಿನ ಕ್ಲಿಪ್ಪುಗಳು, ಆಮೇಲೆ ಎದೆಗೂಡು. ವಿಮಾನದ ಹೊಟ್ಟೆ ನೆತ್ತಿಯ ಮೇಲೆ ಹಾದುಹೋಗುವಾಗ ಹೊಸಬರು ಯಾರಾದರೂ ಬಗ್ಗಿಬಿಡುತ್ತಾರೆ. ಇವರು ತಲೆ ಎತ್ತುವುದೂ ಇಲ್ಲ. ಡಬ್ಬಿಯ ಪುಟ್ಟ ಗಾಜಿನಲ್ಲಿ ಏರುವ ಅಂಕಿಯನ್ನು ನೋಡಿ ಬರೆದುಕೊಳ್ಳುತ್ತಾರೆ: ‘5.10. ವಿಮಾನ. 81.’ ಆಮೇಲೆ, ‘5.13. ನಾಯಿ, ಎರಡು.’ ‘5.16. ನೀರಿನ ಮೋಟಾರು.’ ‘5.19. ಪಕ್ಕದ ಮನೆ, ಗಂಟಲು. 66.’ ಪಕ್ಕದ ಮನೆಯ ಯಜಮಾನರು ದಿನಾ ಬೆಳಗ್ಗೆ ಕ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುವುದು ಎಷ್ಟೋ ವರ್ಷದಿಂದ ಹೀಗೆ ದಾಖಲೆಗೆ ಸೇರುತ್ತಿದೆ ಎಂಬುದು ಪಾಪ, ಅವರಿಗೆ ಗೊತ್ತಿಲ್ಲ.

ಒಂದು ಗಂಟೆ ಕೂತೆದ್ದು, ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಬೀದಿಗೆ ಇಳಿದ ಮೇಲೆ ಅವರ ಮೊದಲ ಮಾತು ಹೊರಡುತ್ತದೆ. ದನಿ ಒರಟಾಗಿದೆ, ಬಹಳ ಹೊತ್ತು ಮುಚ್ಚಿಟ್ಟ ಬಾಗಿಲು ತೆಗೆದಂತೆ. “ಯಂತ್ರಕ್ಕೆ ಎಷ್ಟು ಅಂತ ಗೊತ್ತಾಗುತ್ತೆ, ಯಾರು ಅಂತ ಗೊತ್ತಾಗಲ್ಲ. ಅದಕ್ಕೇ ನಾನು ಕೂತ್ಕೊಳ್ಳೋದು. ನಾಯಿ ಬೊಗಳಿದ್ದನ್ನ ವಿಮಾನದ ಲೆಕ್ಕಕ್ಕೆ ಬರೆದ್ರೆ ವಿಮಾನ ನಿಲ್ದಾಣದವ್ರಿಗೆ ಮೋಸ. ವಿಮಾನ ಹೋಗಿದ್ದನ್ನ ನಾಯಿ ಲೆಕ್ಕಕ್ಕೆ ಬರೆದ್ರೆ ಬಡಾವಣೆಯವ್ರಿಗೆ ಮೋಸ.”

ಬಡಾವಣೆಯ ಮಕ್ಕಳು ಇವರಿಗೆ ಇಟ್ಟ ಹೆಸರು ಸದ್ದಕ್ಕ. ಬಾಯಿ ಬಿಡದ ಹೆಂಗಸಿಗೆ ಇಂಥ ಹೆಸರಿಟ್ಟ ಮಕ್ಕಳ ತುಂಟತನವನ್ನು ಮೆಚ್ಚಲೇಬೇಕು. ಈಗ ದೊಡ್ಡವರೂ ಹಾಗೇ ಕರೆಯುತ್ತಾರೆ, ನಿಲ್ದಾಣದ ಕಾಗದಪತ್ರದಲ್ಲೂ ಒಮ್ಮೆ ಹಾಗೇ ಬಂದುಬಿಟ್ಟಿತ್ತು. ವಯಸ್ಸು ಐವತ್ತನಾಲ್ಕು. ವಿಮಾನ ನಿಲ್ದಾಣದ ಸುತ್ತಲಿನ ತಾರಸಿಗಳ ಮೇಲೆ ಸದ್ದು ಅಳೆಯುವ ಕೆಲಸಕ್ಕೆ ಹದಿನಾರು ವರ್ಷ. ನಿಲ್ದಾಣದವರೂ ಬಡಾವಣೆಯ ಸಮಿತಿಯವರೂ ಒಟ್ಟಿಗೆ ಒಪ್ಪಿ ನೇಮಿಸಿಕೊಂಡ ಸಣ್ಣ ಪ್ರಯೋಗಾಲಯವೊಂದರ ನೌಕರಿ ಇದು. ವರದಿ ಇಬ್ಬರಿಗೂ ಒಂದೇ ದಿನ, ಒಂದೇ ಹೊತ್ತಿಗೆ ಹೋಗಬೇಕು. ಹೀಗಾಗಿ ನಿಲ್ದಾಣದವರ ಕಣ್ಣಲ್ಲಿ ಇವರು ಬಡಾವಣೆಯ ಕಡೆಯವರು, ಬಡಾವಣೆಯವರ ಕಣ್ಣಲ್ಲಿ ನಿಲ್ದಾಣದ ಕಡೆಯವರು. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಆ ನಡುವಿನ ಜಾಗದಲ್ಲಿ ಸದ್ದಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದಾರೆ.

ಇದಕ್ಕೂ ಮೊದಲು ಅವರು ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ದಿನಕ್ಕೆ ಆರುನೂರು ಕರೆ, ಒಂದೊಂದಕ್ಕೂ ನಮಸ್ಕಾರ, ಒಂದೊಂದಕ್ಕೂ ಉತ್ತರ. “ಆ ಕಡೆಯವ್ರ ಉಸಿರು ಕೇಳೇ ಹೇಳ್ತಿದ್ದೆ, ಇದು ಹೆರಿಗೆ ವಾರ್ಡಿನ ಕರೆ, ಇದು ಅಪಘಾತದ್ದು ಅಂತ. ಅವ್ರು ಬಾಯಿ ತೆಗೆಯೋ ಮೊದ್ಲೇ.” ತಾನೇ ಉತ್ತರಿಸುವ ಯಂತ್ರ ಬಂದ ವಾರವೇ ಆಪರೇಟರ್ ಹುದ್ದೆ ಹೋಯಿತು. ಕಿವಿ ಚುರುಕಾಗಿದೆ ಎಂದು ಯಾರೋ ಹೇಳಿ ಇಲ್ಲಿ ಸೇರಿಸಿದರು. ಮಾತಿನ ಕೆಲಸದಿಂದ ಮೌನದ ಕೆಲಸಕ್ಕೆ ಬರುವಾಗ ಕಷ್ಟವಾಯಿತೇ ಎಂದರೆ ನಗುತ್ತಾರೆ. “ಮೊದಲನೇ ವಾರ ಸೈಕಲ್ ಮೇಲೆ ಒಬ್ಬಳೇ ಮಾತಾಡ್ಕೊಂಡು ಹೋಗ್ತಿದ್ದೆ. ಜನ ನೋಡೋಕೆ ಶುರು ಮಾಡಿದ್ರು, ಬಿಟ್ಟೆ.”

ಸೈಕಲ್ಲೇ ಯಾಕೆ ಎಂದರೆ, ಸ್ಕೂಟರಿನ ಸದ್ದು ಮೈಕಿಗೆ ಬೀಳುತ್ತದೆ. ತಾರಸಿಯಿಂದ ತಾರಸಿಗೆ ಒಂದು ಸುತ್ತು ಹಾಕಿದರೆ ಹನ್ನೊಂದು ಕಿಲೋಮೀಟರ್, ಮುನ್ನೂರಕ್ಕೂ ಮಿಕ್ಕಿ ಮೆಟ್ಟಿಲು. ವಾರದಲ್ಲಿ ಒಂದೊಂದು ತಾರಸಿಗೆ ಒಂದೊಂದು ದಿನ ಕೂರುವ ಸರದಿ. ಕೂರುವ ಮೊದಲು ‘ಸೀಟಿ’ ಎಂದು ಅವರು ಕರೆಯುವ ಸಣ್ಣ ಉಪಕರಣವನ್ನು ಮೈಕಿನ ಬಾಯಿಗೆ ತೊಡಿಸುತ್ತಾರೆ. ಅದು ಒಂದೇ ಸಮನೆ ತೊಂಬತ್ತನಾಲ್ಕು ಡೆಸಿಬೆಲ್‌ನ ಕೂಗು ಹಾಕುತ್ತದೆ. ಡಬ್ಬಿಯೂ ತೊಂಬತ್ತನಾಲ್ಕು ಎಂದೇ ತೋರಿಸಬೇಕು. ತೋರಿಸಿದರೆ ಯಂತ್ರ ನೆಟ್ಟಗಿದೆ ಎಂದರ್ಥ. ಡೆಸಿಬೆಲ್ ಎಂದರೆ ತಲೆ ಕೆರೆದುಕೊಳ್ಳುವವರಿಗೆ ಸದ್ದಕ್ಕನ ಪಾಠ ಚಿಕ್ಕದು: ನಾವಿಬ್ಬರು ಮಾತಾಡಿದರೆ ಅರವತ್ತು, ಹತ್ತು ಏರಿದರೆ ಕಿವಿಗೆ ಎರಡರಷ್ಟು.

ಇನ್ನು ಈ ಕೆಲಸದ ನಿಜವಾದ ಕಷ್ಟಕ್ಕೆ ಬರೋಣ. ಅದು ಮೆಟ್ಟಿಲಲ್ಲ, ಚಳಿಯಲ್ಲ. ಸದ್ದಕ್ಕ ಹೊಸ್ತಿಲು ದಾಟಿದ ಕೂಡಲೇ ಮನೆ ಗಪ್‌ಚುಪ್. ರೇಡಿಯೋ ಆರುತ್ತದೆ. ಅಮ್ಮಂದಿರು ಮಕ್ಕಳ ಬಾಯಿಗೆ ಕೈ ಅಡ್ಡ ಇಡುತ್ತಾರೆ. ಜಗಳವಾಡುತ್ತಿದ್ದ ಗಂಡಹೆಂಡಿರು ಅರ್ಧ ವಾಕ್ಯಕ್ಕೆ ನಿಲ್ಲಿಸಿ, ಉಳಿದರ್ಧವನ್ನು ಇವರು ಹೋದ ಮೇಲೆ ಮುಗಿಸುತ್ತಾರೆ. ಹಾಗೆ ಯಾರೂ ಸುಮ್ಮನಾಗಬೇಕಿಲ್ಲ, ಮನೆಯ ಸದ್ದೂ ಬರೆದುಕೊಳ್ಳಬೇಕಾದದ್ದೇ ಎಂದು ಎಷ್ಟು ಸಾರಿ ಹೇಳಿದರೂ ಕೇಳುವವರಿಲ್ಲ. ಅಂಗಡಿಯಲ್ಲಿ ಸಾಲು ನಿಂತರೂ ಮುಂದಿನವರು “ಮೆಲ್ಲಗೆ, ಅಳೀತಾರೆ!” ಎಂದು ನಗುತ್ತಾರೆ. ತಮಾಷೆಯೇ, ಆದರೆ ಹದಿನಾರು ವರ್ಷದಿಂದ ಅದೇ ತಮಾಷೆ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಹೇಳುವವರು ಒಂದು ವಾರ ಇವರ ಜೊತೆ ಇದ್ದು ನೋಡಬೇಕು, ಬಂಗಾರ ಎಷ್ಟು ಭಾರ ಅಂತ.

“ನಾನು ಹೋದ್ರೆ ಮನೆ ಸುಮ್ಮನಾಗುತ್ತೆ,” ಎನ್ನುತ್ತಾರೆ ಸದ್ದಕ್ಕ. “ಕೆಲಸ ಮುಗಿಸಿ ಇಳೀತೀನಲ್ಲ, ಎರಡನೇ ಮಹಡಿ ಮೆಟ್ಟಿಲಿಗೆ ಬರೋ ಹೊತ್ತಿಗೆ ಮೇಲೆ ಮತ್ತೆ ಮಾತು ಶುರು ಆಗುತ್ತೆ. ಯಾರೋ ನಗ್ತಾರೆ. ಒಂದ್ನಿಮಿಷ ನಿಂತು ಕೇಳಿಸ್ಕೊಂಡು ಹೋಗ್ತೀನಿ.”

ಅವರ ಮನೆ ಎರಡು ಕೋಣೆಯದ್ದು. ಆರು ವರ್ಷದ ಹಿಂದಿನವರೆಗೆ ಅಮ್ಮ ಇದ್ದರು. ಕೊನೆಗಾಲದಲ್ಲಿ ಅಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ವಿಮಾನ ಹೋದರೂ ಹಾಯಾಗಿ ಮಲಗಿರುತ್ತಿದ್ದರು. ಮಗಳು ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಕೂಗಿ ಮಾತಾಡಬೇಕಿತ್ತು. ಆಗ ದಿನದ ಮಾತೆಲ್ಲ ಸಂಜೆಯ ಆ ಕೂಗಾಟದಲ್ಲೇ ಆಗಿಹೋಗುತ್ತಿತ್ತು. ಈಗ ದೂರದ ಊರಿನಿಂದ ತಂಗಿ ಭಾನುವಾರ ಫೋನು ಮಾಡುತ್ತಾಳೆ. ನಡುವೆ ವಿಮಾನ ಬಂದರೆ “ಅಕ್ಕಾ, ಏನೂ ಕೇಳಿಸ್ತಿಲ್ಲ, ಆಮೇಲೆ ಮಾಡ್ತೀನಿ” ಎಂದು ಇಟ್ಟುಬಿಡುತ್ತಾಳೆ. ಆಮೇಲೆ ಎಂದರೆ ಮುಂದಿನ ಭಾನುವಾರ. “ಒಂದ್ಸಲ ಸುಮ್ನೆ ನಮ್ಮನೇನೂ ಅಳೆದು ನೋಡ್ದೆ,” ಎನ್ನುತ್ತಾರೆ. “ವಿಮಾನ ಇಲ್ದಾಗ ಮೂವತ್ತೊಂದು ಬಂತು. ಅಷ್ಟು ಕಮ್ಮಿ ಸದ್ದಿರೋ ಮನೆ ಇಡೀ ಬಡಾವಣೇಲಿ ಇನ್ನೊಂದಿಲ್ಲ.”

ಹೀಗಿದ್ದ ಸದ್ದಕ್ಕನ ಬದುಕಿನಲ್ಲಿ ಕಳೆದ ವರ್ಷ ಒಂದು ಪ್ರಕರಣ ನಡೆಯಿತು. ಅದನ್ನು ಹೇಳದೆ ಇವರ ಪರಿಚಯ ಮುಗಿಯುವುದಿಲ್ಲ.

ನಿಲ್ದಾಣದಿಂದ ಬೆಳಗಿನ ಐದರಿಂದ ಆರೂವರೆಯೊಳಗೆ ಹನ್ನೊಂದು ವಿಮಾನ ಮೇಲೇಳುತ್ತವೆ. ಎದ್ದವು ಬಡಾವಣೆಯ ಒಂದು ಮೂಲೆಮನೆಯ ನೆತ್ತಿಯ ಮೇಲೇ ಎಡಕ್ಕೆ ತಿರುಗುತ್ತಿದ್ದವು. ಆ ಮನೆಯಲ್ಲಿರುವುದು ಎಪ್ಪತ್ತೆಂಟರ ಒಬ್ಬ ಅಜ್ಜಿ ಮತ್ತು ಅವರ ಮಗಳು. ಮಗಳದ್ದು ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ನಾಲ್ಕೂವರೆಗೆ ಬಂದು ಹಾಸಿಗೆಗೆ ಬಿದ್ದರೆ ಐದು ಹತ್ತಕ್ಕೆ ಎಚ್ಚರ, ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಎಚ್ಚರ. ನಿದ್ದೆಗೆಟ್ಟು ಗಾಣದೆತ್ತಿನ ಹಾಗೆ ತಿರುಗುತ್ತಿದ್ದ ಆಕೆ ಒಂದು ದಿನ ತೂಕಡಿಸಿ ಒಲೆಯ ಬಾಗಿಲಿಗೆ ಮುಂಗೈ ಸುಟ್ಟುಕೊಂಡಳು. ಮುಂದಿನ ಸಲ ಮುಂಗೈಯಲ್ಲೇ ಮುಗಿಯುತ್ತದೆ ಎಂದು ಹೇಳುವವರು ಯಾರು?

ತಿರುವನ್ನು ಎರಡು ಕಿಲೋಮೀಟರ್ ಆಚೆಗೆ, ಗೋದಾಮುಗಳ ಮೇಲಕ್ಕೆ ಸರಿಸಿ ಎಂದು ಸಮಿತಿ ಕೇಳಿತು. ಅಳೆದು ತೋರಿಸಿ ಎಂದಿತು ನಿಲ್ದಾಣ. ಕೊನೆಗೆ ಎರಡೂ ಕಡೆಯವರು ಕೂತು ಒಂದು ಒಪ್ಪಂದಕ್ಕೆ ಬಂದರು. ಏಳು ತಾರಸಿ, ತೊಂಬತ್ತು ದಿನ. ಮೂಲೆಮನೆಯ ಸರಾಸರಿ ಎಪ್ಪತ್ತೈದು ದಾಟಿದರೆ ತಿರುವು ಬದಲು, ದಾಟದಿದ್ದರೆ ಇಲ್ಲ. ಸಮಿತಿಯ ಅಧ್ಯಕ್ಷರು ನಿವೃತ್ತ ಮೇಷ್ಟ್ರು, ಸಂಶಯದ ಪ್ರಾಣಿ. ನಿಲ್ದಾಣದವರು ರಾತ್ರೋರಾತ್ರಿ ಬಂದು ಏನಾದರೂ ಮಾಡಿಯಾರು ಎಂದು ಇನ್ನೊಂದು ಷರತ್ತು ಸೇರಿಸಿದರು: ಯಾವುದಾದರೂ ಡಬ್ಬಿಯನ್ನೋ ಮೈಕನ್ನೋ ಯಾರಾದರೂ ಮುಟ್ಟಿದ್ದು ಗೊತ್ತಾದರೆ ಆ ತಾರಸಿಯ ಇಡೀ ಲೆಕ್ಕ ರದ್ದು.

ಮೂಲೆಮನೆಗೆ ಹೊಸ ಕಂಬ ಬಂತು. ಪ್ರತಿ ಗುರುವಾರ ಬೆಳಗ್ಗೆ ಸದ್ದಕ್ಕ ಹೋಗಿ ಕೂರುತ್ತಿದ್ದರು, ಸೀಟಿ ಊದಿಸಿ ನೋಡಿದರೆ ತೊಂಬತ್ತನಾಲ್ಕು, ಎಲ್ಲ ಸರಿ. ಉಳಿದ ದಿನಗಳ ಅಂಕಿಯನ್ನು ಡಬ್ಬಿ ತಾನೇ ಪ್ರಯೋಗಾಲಯಕ್ಕೆ ಕಳಿಸುತ್ತಿತ್ತು. ಆದರೆ ಸರಾಸರಿ ಮಾತ್ರ ಎಪ್ಪತ್ಮೂರನ್ನು ದಾಟಲೇ ಇಲ್ಲ. ನಿಲ್ದಾಣದ ಶಬ್ದ ವಿಭಾಗದ ಎಂಜಿನಿಯರ್ ಸಮಾಧಾನದಿಂದ ಇದ್ದರು. ಮೇಷ್ಟ್ರು ಕೈ ಕೈ ಹಿಸುಕಿಕೊಳ್ಳುತ್ತಿದ್ದರು.

ಎಂಬತ್ತನಾಲ್ಕನೇ ದಿನ, ಸೋಮವಾರ, ಸದ್ದಕ್ಕ ಪ್ರಯೋಗಾಲಯದಲ್ಲಿ ಹನ್ನೆರಡು ವಾರದ ಅಂಕಿಗಳ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟುಕೊಂಡು ನೋಡುತ್ತಾ ಕೂತರು. ಮೂಲೆಮನೆಯ ಗೆರೆಯಲ್ಲಿ ವಾರಕ್ಕೊಂದು ದಿನ ಗೂಟ ನೆಟ್ಟ ಹಾಗೆ ಅಂಕಿ ಎದ್ದು ನಿಂತಿತ್ತು. ಎಲ್ಲ ದಿನ ಎಪ್ಪತ್ತೆರಡು, ಆ ಒಂದು ದಿನ ಎಪ್ಪತ್ತೆಂಟು. ಆ ದಿನ ಗುರುವಾರ. ಗುರುವಾರ ವಿಮಾನ ಹೆಚ್ಚೇ ಎಂದು ನೋಡಿದರೆ, ಇಲ್ಲ, ಅವೇ ಹನ್ನೊಂದು. ಉಳಿದ ಆರು ತಾರಸಿಯಲ್ಲಿ ಗುರುವಾರಕ್ಕೆ ಅಂಥ ವಿಶೇಷವೇನೂ ಇರಲಿಲ್ಲ. “ಆ ಮನೇಲಿ ಗುರುವಾರ ಮಾತ್ರ ಆಗೋದು ಏನು ಅಂತ ಯೋಚಿಸ್ದೆ. ಒಂದೇ. ನಾನು ಹೋಗೋದು.”

ಮರುದಿನ, ಮಂಗಳವಾರ, ಯಾರಿಗೂ ಹೇಳದೆ ಬೆಳಗಿನ ಜಾವವೇ ಮೂಲೆಮನೆಯ ಹೊರಮೆಟ್ಟಿಲು ಹತ್ತಿದರು. ಕಂಬದ ತುದಿಯ ಸ್ಪಂಜಿನ ಚೆಂಡಿಗೆ ಕೆಂಪು ಹಳದಿ ಉಣ್ಣೆಯ ಟೊಪ್ಪಿಗೆ. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಚೀಲ. ಗಾಳಿಗೆ ಹಾರದಂತೆ ಚೆಂಡಿನ ಗಲ್ಲದ ಕೆಳಗೆ ದಾರ ಎಳೆದು ಕುಚ್ಚು ಬೇರೆ ಕಟ್ಟಿತ್ತು. ಅಜ್ಜಿ ಹಿಂದೆಯೇ ಹತ್ತಿ ಬಂದರು, ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ.

“ಹೂಂ, ನಾನೇ ಹಾಕಿದ್ದು. ಪಾಪ, ಬೋಳುತಲೆ, ರಾತ್ರಿಯೆಲ್ಲಾ ಮಂಜಲ್ಲಿ ನೆನೆಯುತ್ತೆ. ಒದ್ದೆಯಾಗಿ ಕೆಟ್ಟುಹೋದ್ರೆ ನಿನ್ನನ್ನ ಬಯ್ಯಲ್ವಾ?”

“ಮತ್ತೆ ಗುರುವಾರ ಇರ್ತಿರ್ಲಿಲ್ವಲ್ಲ ಅಜ್ಜಿ?”

“ನೀನು ಬರ್ತೀಯಲ್ಲ! ನಿನ್ನೆದುರಿಗೆ ಅದನ್ನ ಹೀಗೆ ಹಳೇ ಚೀಲ ಸುತ್ತಿ ನಿಲ್ಸೋದಾ? ಬುಧವಾರ ಸಂಜೇನೇ ಎಲ್ಲಾ ಬಿಚ್ಚಿ, ಕಂಬ ಒರೆಸಿ ಇಡ್ತಿದ್ದೆ. ನೀನು ಹೋದ್ಮೇಲೆ ಮತ್ತೆ ಹಾಕ್ತಿದ್ದೆ.”

ಬರುವವರ ಮುಂದೆ ಮನೆಯನ್ನು ಅಚ್ಚುಕಟ್ಟಾಗಿ ಇಡುವ ಹೆಂಗಸು ಅಜ್ಜಿ. ಅಳೆಯುವ ಮೈಕನ್ನೂ ಮನೆಯ ಸಾಮಾನಿನ ಸಾಲಿಗೆ ಸೇರಿಸಿಕೊಂಡಿದ್ದರು. ಸದ್ದಕ್ಕ ಬಯ್ಯಲಿಲ್ಲ. ಪಿಸುದನಿಯಲ್ಲಿ, ಬಿಡಿಸಿ ಬಿಡಿಸಿ ಹೇಳಿದರು: ಈ ಟೊಪ್ಪಿಗೆಯಿಂದ ಅಂಕಿ ಆರು ಇಳಿದಿದೆ, ಆ ಆರು ಇಳಿದಿದ್ದರಿಂದ ತಿರುವು ಬದಲಾಗುವುದಿಲ್ಲ. ಅಜ್ಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೆಳಗಿನ ಕೋಣೆಯಲ್ಲಿ ಮಗಳು ಹೊರಳಾಡುವುದು ಕೇಳುತ್ತಿತ್ತು. “ಅಯ್ಯೋ, ಅವಳ ನಿದ್ದೆ ನಾನೇ ಕಿತ್ಕೊಂಡ್ನಾ?” ಎಂದರು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮುಟ್ಟಿದ್ದರೆ ರದ್ದು ಎಂಬ ಷರತ್ತು ಮೇಷ್ಟ್ರದ್ದೇ. ಈಗ ಅದು ಅವರ ಕುತ್ತಿಗೆಗೇ ಬಂತು. ಸದ್ದಕ್ಕ ಮೊದಲು ಅವರ ಮನೆಗೆ, ಆಮೇಲೆ ಎಂಜಿನಿಯರ್ ಬಳಿಗೆ ಹೋಗಿ, ಮೂಲೆಮನೆಯ ಲೆಕ್ಕ ಕೆಟ್ಟಿದೆ ಎಂದು ಇಬ್ಬರಿಗೂ ಅದೇ ದಿನ ತಿಳಿಸಿದರು. ಟೊಪ್ಪಿಗೆಯ ಕಥೆ ಕೇಳಿದ ಮೇಷ್ಟ್ರು, ಇವರು ಎಂಜಿನಿಯರ್ ಬಳಿಗೆ ಹೊರಡುವ ಮೊದಲೇ, ಬಾಗಿಲು ಮುಂದೆ ಮಾಡಿಕೊಂಡು ದನಿ ತಗ್ಗಿಸಿದ್ದರು. “ಆರು ಸೇರ್ಸಿಬಿಡಮ್ಮ. ಗುರುವಾರದ ಲೆಕ್ಕ ಇದೆಯಲ್ಲ, ಸುಳ್ಳೇನಲ್ಲ. ಟೊಪ್ಪಿಗೆ ವಿಷ್ಯ ನಮ್ಮಲ್ಲೇ ಇರ್ಲಿ.”

“ಸುಳ್ಳಲ್ಲ ಮೇಷ್ಟ್ರೇ, ಆದ್ರೆ ಅಳೆದಿದ್ದೂ ಅಲ್ಲ,” ಎಂದರು ಸದ್ದಕ್ಕ. “ಇವತ್ತು ನಿಮಗೋಸ್ಕರ ಆರು ಸೇರ್ಸಿದ್ರೆ, ನಾಳೆ ಅವ್ರು ಬಂದು ಆರು ಕಳಿ ಅಂತಾರೆ. ಆಗ ಬೇಡ ಅನ್ನೋಕೆ ನನಗೆ ಯಾವ ಬಾಯಿ ಇರುತ್ತೆ?”

ವರದಿಯಲ್ಲಿ ಬರೆದದ್ದು ಮೂರು ಸಾಲು. ಮೂಲೆಮನೆಯ ಮೈಕಿನ ಮೇಲೆ ಹೊದಿಕೆ ಇತ್ತು. ನಾನು ದಿನ ಗೊತ್ತುಮಾಡಿಕೊಂಡು ಹೋಗುತ್ತಿದ್ದೆ, ಹನ್ನೆರಡು ವಾರ ಹೇಳದೆ ಒಮ್ಮೆಯೂ ಹೋಗಲಿಲ್ಲ. ತಪ್ಪು ನನ್ನದು. ಹೊದಿಸಿದ್ದು ಯಾರು ಎಂದು ಎರಡೂ ಕಡೆಯವರ ಸಭೆಯಲ್ಲಿ ಎಂಜಿನಿಯರ್ ಮೂರು ಸಲ ಕೇಳಿದರು, ಯಾವ ದುರುದ್ದೇಶವೂ ಇರಲಿಲ್ಲ ಎಂದಷ್ಟೇ ಮೂರು ಸಲವೂ ಉತ್ತರ ಬಂತು. ಮೇಷ್ಟ್ರೂ ಬಾಯಿ ಬಿಡಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಬಡಾವಣೆ ಕೆರಳಿತು. ಯಾರದೋ ಹೆಸರು ಮುಚ್ಚಿಡುತ್ತಿದ್ದಾಳೆ ಎಂದರೆ ನಿಲ್ದಾಣದವರದ್ದೇ ಇರಬೇಕು ಎಂದು ಗುಸುಗುಸು ಹಬ್ಬಿತು. ಮೂರು ಮನೆಯವರು ತಾರಸಿಗೆ ಬೀಗ ಹಾಕಿ, ಇನ್ನು ಬರಬೇಡ ಎಂದರು. ಅಂಗಡಿ ಸಾಲಿನ ಆ ಹಳೇ ತಮಾಷೆಯೂ ನಿಂತುಹೋಯಿತು. “ಆ ತಮಾಷೆನಾದ್ರೂ ಇತ್ತಲ್ಲ ಅಂತ ಆಗ ಅನ್ನಿಸ್ತು,” ಎನ್ನುತ್ತಾರೆ.

ಆದರೂ ಆ ಸಭೆಯಲ್ಲಿ ಉತ್ತರ ಹೇಳಿ ಕೂರುವ ಮೊದಲು ಅವರು ಒಂದು ಮಾತು ಕೇಳಿದ್ದರು: ಮೂಲೆಮನೆಗೆ ಇನ್ನು ಮೂವತ್ತು ದಿನ ಕೊಡಿ. ದಿನಾ ಬೆಳಗ್ಗೆ ಐದು ಗಂಟೆಗೆ ಮೊದಲೇ ನಾನೇ ಕೂರುತ್ತೇನೆ, ಆರೂವರೆಗೆ ಏಳುತ್ತೇನೆ, ಬಡಾವಣೆಯ ಒಬ್ಬರು ಪಕ್ಕದಲ್ಲಿದ್ದು ದಿನದಿನದ ಹಾಳೆಗೆ ಸಹಿ ಹಾಕಲಿ. ಎಂಜಿನಿಯರ್ ಯೋಚಿಸಿ ಒಪ್ಪಿದರು. ತನ್ನ ತಪ್ಪನ್ನು ತಾನೇ ಬರೆದು ತಂದುಕೊಟ್ಟವಳ ಲೆಕ್ಕವನ್ನು ನಂಬದೆ ಇನ್ಯಾರ ಲೆಕ್ಕ ನಂಬುವುದು ಎಂದರಂತೆ. ಒಪ್ಪದಿದ್ದವರು ಬಡಾವಣೆಯವರು. ಅಷ್ಟು ಬೆಳಗ್ಗೆ ಎದ್ದು ಸಾಕ್ಷಿ ಕೂರಲು ಒಬ್ಬರೂ ಮುಂದೆ ಬರಲಿಲ್ಲ. ಹಿಂದಿನ ಸಾಲಿನಿಂದ ಅಜ್ಜಿ ಕೈ ಎತ್ತಿದರು.

ಅಜ್ಜಿಯ ಬಾಯಿ ಎಂಥದ್ದು ಎಂದರೆ ಗೋಡೆಯೊಂದಿಗೂ ಮಾತಾಡಿಯಾರು, ಗೋಡೆಯೂ ಉತ್ತರ ಕೊಟ್ಟೀತು. ಅಂಥವರು ಮೂವತ್ತು ದಿನ, ಬೆಳಗ್ಗೆ ಒಂದೂವರೆ ಗಂಟೆ, ತುಟಿ ಒತ್ತಿ ಹಿಡಿದು ಕೂತರು. ಹೆಣೆಯುವ ಕಡ್ಡಿ ಟಕಟಕ ಎನ್ನುತ್ತದೆಂದು ಅದನ್ನೂ ಕೆಳಗೇ ಬಿಟ್ಟು ಬಂದರು. ಕೈಗೆ ಕೆಲಸವಿಲ್ಲ, ಬಾಯಿಗೆ ಕೆಲಸವಿಲ್ಲ. ಹೇಳಲೇಬೇಕಾದದ್ದು ಏನಾದರೂ ತೋಚಿದರೆ ಸದ್ದಕ್ಕನ ಮೊಣಕೈಯನ್ನು ಮೆಲ್ಲಗೆ ಒತ್ತಿ, ಕಣ್ಣಲ್ಲೇ ತೋರಿಸುತ್ತಿದ್ದರು: ಟ್ಯಾಂಕಿನ ಮೇಲೆ ಕೂತ ಹಕ್ಕಿ, ಎದುರುಮನೆಯಲ್ಲಿ ಹೊತ್ತಿಕೊಂಡ ದೀಪ. ಒಂಬತ್ತನೇ ದಿನ ತಡೆಯಲಾರದೆ ಸೀನಿದರು. ನೋಟ್‌ಬುಕ್ಕಿನಲ್ಲಿ ಇವತ್ತಿಗೂ ಇದೆ: ‘5.41. ಅಜ್ಜಿ, ಸೀನು. 74.’ ಸಹಿ ಹಾಕುವಾಗ ಅದನ್ನು ಓದಿಸಿಕೊಂಡು, “ವಿಮಾನಕ್ಕಿಂತ ನಾಲ್ಕೇ ಕಮ್ಮಿನಾ!” ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು.

ಇಪ್ಪತ್ತನೇ ದಿನದ ಹೊತ್ತಿಗೆ ನಿದ್ದೆ ಬಾರದ ಮಗಳೂ ಕಂಬಳಿ ಸುತ್ತಿಕೊಂಡು ಮೇಲೆ ಬಂದು ಕೂತಳು. ಮೂವರು ಹೆಂಗಸರು, ನೆತ್ತಿಯ ಮೇಲೆ ಒಂದಾದ ಮೇಲೊಂದು ಹನ್ನೊಂದು ವಿಮಾನ, ಒಂದೂ ಮಾತಿಲ್ಲ. “ನನಗೆ ಆ ಮೂವತ್ತು ದಿನ ಒಬ್ಬಳೇ ಇದೀನಿ ಅನ್ನಿಸ್ಲೇ ಇಲ್ಲ,” ಎನ್ನುತ್ತಾರೆ ಸದ್ದಕ್ಕ. ಹೀಗೆ ಹೇಳಿ, ಹೇಳಿದ್ದು ಹೆಚ್ಚಾಯಿತೇನೋ ಎಂಬಂತೆ ಬೇರೆ ಕಡೆ ನೋಡುತ್ತಾರೆ.

ಮೂವತ್ತು ದಿನದ ಸರಾಸರಿ ಎಪ್ಪತ್ತೆಂಟು. ಎಂಜಿನಿಯರ್ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿ, ಸೀನಿನ ಸಾಲಿನ ಹತ್ತಿರ ಒಂದು ಗಳಿಗೆ ನಿಂತು, ನಕ್ಕು, ಸಹಿ ಹಾಕಿದರು. ಎರಡು ತಿಂಗಳಲ್ಲಿ ತಿರುವು ಗೋದಾಮುಗಳ ಆಚೆಗೆ ಹೋಯಿತು. ಸಮಿತಿಯ ಸಂತೋಷಕೂಟದಲ್ಲಿ ಮೇಷ್ಟ್ರು ಮುಕ್ಕಾಲು ಗಂಟೆ ಮಾತಾಡಿದರು; ನಿಲ್ದಾಣಕ್ಕೆ, ಸಮಿತಿಗೆ, ಕುರ್ಚಿ ಶಾಮಿಯಾನದವರಿಗೂ ವಂದನೆ ಹೇಳಿದರು. ಸದ್ದಕ್ಕನ ಹೆಸರು ಬಿಟ್ಟುಹೋಯಿತು. ಮರುದಿನ ನೆನಪಾಗಿ ಮನೆಗೆ ಬಂದು, ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡರಂತೆ. “ಪರ್ವಾಗಿಲ್ಲ ಮೇಷ್ಟ್ರೇ, ಒಳಗೆ ಬನ್ನಿ ಅಂದೆ. ಇಲ್ಲ ಕೆಲಸ ಇದೆ ಅಂತ ಹೋದ್ರು.” ಬೀಗ ಹಾಕಿದ್ದ ಮೂರು ತಾರಸಿಗಳೂ ಮತ್ತೆ ತೆರೆದವು. ಅಲ್ಲಿ ಇವರು ಕಾಲಿಟ್ಟ ಕೂಡಲೇ ರೇಡಿಯೋ ಮತ್ತೆ ಆರತೊಡಗಿತು.

ತಿರುವು ಬದಲಾದ ಮೇಲೆ ನಿಜಕ್ಕೂ ಸದ್ದು ಇಳಿದಿದೆಯೇ ಎಂದು ಇನ್ನೊಂದು ತಿಂಗಳು ಅಳೆಯುವುದು ಪದ್ಧತಿ. ಈ ಸಲ ಸಾಕ್ಷಿ ಬೇಕಿರಲಿಲ್ಲ, ದಿನಾ ಕೂರುವುದೂ ಬೇಕಿರಲಿಲ್ಲ. ಮೂಲೆಮನೆಯ ಐದು ಹತ್ತರ ಅಂಕಿ ಅರವತ್ಮೂರಕ್ಕೆ ಬಂದು ನಿಂತಿತು. ಅಲ್ಲಿಗೆ ಆ ತಾರಸಿಯಲ್ಲಿ ಅಳೆಯುವುದು ಮುಗಿಯಿತು, ಕಂಬ ಬಿಚ್ಚಿ ತರಬೇಕು. ಮೂರು ವಾರದ ಹಿಂದೆ, ರೂಢಿಯಂತೆ ಬೆಳಗ್ಗೆಯೇ ಸದ್ದಕ್ಕ ಹೋದರು. ಮನೆ ಮಲಗಿತ್ತು. ಕಿಟಕಿಯಿಂದ ಮಗಳ ಗೊರಕೆ ಕೇಳುತ್ತಿತ್ತು. ಇನ್ನೊಂದು ಗೊರಕೆ ಅಜ್ಜಿಯದ್ದು.

“ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ,” ಎನ್ನುತ್ತಾರೆ. “ಇಷ್ಟೆಲ್ಲಾ ಮಾಡಿದ್ದು ಅವ್ರು ಮಲಗ್ಲಿ ಅಂತ ತಾನೇ? ಬೋಲ್ಟಿಗೆ ಎಣ್ಣೆ ಬಿಟ್ಟು, ಬಟ್ಟೆ ಸುತ್ತಿ, ಒಂದೊಂದೇ ಬಿಚ್ಚಿದೆ. ಕಂಬ ಹೆಗಲ ಮೇಲಿಟ್ಕೊಂಡು ಇಳಿದೆ. ಅವ್ರಿಬ್ರಿಗೂ ಗೊತ್ತೇ ಆಗ್ಲಿಲ್ಲ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಕೆಲಸ ಮಾಡಿಲ್ಲ.” ಹೆಮ್ಮೆಯ ಮಾತೇ ಅದು. ಆದರೆ ಹೇಳಿ ಮುಗಿಸುವಾಗ ದನಿಯಲ್ಲಿ ಹೆಮ್ಮೆ ಇರುವುದಿಲ್ಲ. ಗೆದ್ದದ್ದರಿಂದಲೇ ಆ ಮನೆಯಲ್ಲಿ ಇವರಿಗೆ ಇನ್ನು ಯಾವ ಕೆಲಸವೂ ಉಳಿದಿಲ್ಲ. ಅಂದಿನಿಂದ ಅಜ್ಜಿಯನ್ನು ನೋಡಿಲ್ಲ.

ಮುಂದಿನ ಆಸೆ ಏನು ಎಂಬುದು ಇಂಥ ಲೇಖನಗಳಲ್ಲಿ ಕೇಳಲೇಬೇಕಾದ ಪ್ರಶ್ನೆ. ಸದ್ದಕ್ಕ ಹೊಸ ಯಂತ್ರ ಬೇಕು ಎನ್ನಬಹುದು, ಮೊಣಕಾಲಿಗೆ ಮೆಟ್ಟಿಲು ಕಮ್ಮಿ ಆಗಲಿ ಎನ್ನಬಹುದು ಎಂದುಕೊಂಡರೆ, ಅವರು ತಮ್ಮ ಮನೆಯ ಮೇಜಿನ ಮೇಲಿನ ಚಹಾದ ಲೋಟವನ್ನು ಅತ್ತಿತ್ತ ಸರಿಸುತ್ತಾರೆ.

“ಆ ಮನೆಗೆ ಒಂದ್ಸಲ ಬರಿಗೈಲಿ ಹೋಗ್ಬೇಕು ಅಂತ ಇದೆ,” ಎನ್ನುತ್ತಾರೆ ಕೊನೆಗೆ. “ಅಳೆಯೋಕಲ್ಲ. ಸುಮ್ನೆ, ಎಲ್ರೂ ಹೋಗ್ತಾರಲ್ಲ, ಹಾಗೆ. ಎರಡು ಸಲ ಆ ಬೀದಿ ತನಕ ಹೋಗಿ ವಾಪಸ್ ಬಂದೆ.”

ಯಾಕೆ ಎಂದರೆ ನಾಚಿಕೆಯಿಂದ ನಗುತ್ತಾರೆ. “ಬಾಗಿಲು ತೆಗೆದ್ಮೇಲೆ ಮೊದ್ಲು ಏನು ಮಾತಾಡ್ಲಿ ಅಂತ ತೋಚಲ್ಲ. ಅವ್ರ ಜೊತೆ ನಾನು ಸರಿಯಾಗಿ ಮಾತಾಡೇ ಇಲ್ವಲ್ಲ. ನೀವು ದಿನಾ ಊರವ್ರ ಮನೆಗೆ ಹೋಗಿ ಮಾತಾಡ್ಸೋರು. ನೀವೇ ಹೇಳಿ, ಮೊದ್ಲು ಏನು ಕೇಳ್ತಾರೆ?”

ಏನಿಲ್ಲ, ಊಟ ಆಯ್ತಾ ಅಂತ ಕೇಳಿದರೆ ಸಾಕು, ಮಿಕ್ಕಿದ್ದು ಅಜ್ಜಿಯೇ ನೋಡಿಕೊಳ್ಳುತ್ತಾರೆ ಎಂಬ ಉತ್ತರ ಕೇಳಿ ಸದ್ದಕ್ಕ ಹುಬ್ಬೇರಿಸುತ್ತಾರೆ.

“ಅಷ್ಟೇನಾ?”

ಅಷ್ಟೇ.

ಅವರು ಗೋಡೆ ಗಡಿಯಾರ ನೋಡುತ್ತಾರೆ. ಮಧ್ಯಾಹ್ನ ಒಂದೂಮುಕ್ಕಾಲು. “ಹಾಗಾದ್ರೆ ಇವತ್ತೇ ಹೋಗ್ಬಹುದು,” ಎಂದು ಎದ್ದು ಚಪ್ಪಲಿ ಹುಡುಕುತ್ತಾರೆ.